ಅತ್ತೆಯ ಗಿಂಡಿ, ಅಳಿಯನ ದೀಪ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಮೊಳೆ. ಅದೂ ದೊಡ್ಡ ಮೊಳೆಯಲ್ಲ, ಬೀಡಿ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದ ಕ್ಯಾಲೆಂಡರನ್ನು ನೇತುಹಾಕುವಷ್ಟು ಚಿಕ್ಕದು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಹೆಂಡತಿ ತವರಿಗೆ ಹೋಗಿರುವ ನೆಮ್ಮದಿಯನ್ನು ಅನುಭವಿಸುತ್ತಿದ್ದ ಶಂಕರಲಿಂಗಪ್ಪ ಮೇಷ್ಟ್ರಿಗೆ ಆ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಮೊಳೆ ಸಿಕ್ಕಿತು. ಸುತ್ತಿಗೆ ಸಿಗಲಿಲ್ಲ. ಹಿತ್ತಲಿಗೆ ಹೋಗಿ ಒಂದು ಕಲ್ಲು ತರಬಹುದಿತ್ತು. ಆದರೆ ಅಷ್ಟರಲ್ಲಿ ಸ್ಟೂಲು ಹತ್ತಿಯಾಗಿತ್ತು, ಕೈಗೆಟಕುವ ಗೂಡಿನಲ್ಲಿ ಹಿತ್ತಾಳೆ ಗಿಂಡಿ ಕೂತಿತ್ತು. ಅದರ ದಪ್ಪ ತಳ ಮೊಳೆ ಹೊಡೆಯಲೆಂದೇ ಮಾಡಿಸಿದಂತೆ ಕಂಡಿತು.

ಮೊಳೆ ಗೋಡೆಗೆ ಇಳಿಯಿತು. ಗಿಂಡಿಯ ಮೂತಿ ಕಳಚಿ ನೆಲಕ್ಕೆ ಬಿತ್ತು.

ಬೇರೆ ಯಾವ ಪಾತ್ರೆಯಾಗಿದ್ದರೂ ಮೇಷ್ಟ್ರು ಅದನ್ನು ಅಟ್ಟಕ್ಕೆಸೆದು ಸುಮ್ಮನಾಗುತ್ತಿದ್ದರು. ಆದರೆ ಇದು ತೋವಿನಕೆರೆಯ ಅತ್ತೆ ಗಂಗಲಕ್ಷ್ಮಮ್ಮನವರ ಗಿಂಡಿ. ಅವರ ತಂದೆ ಅವರ ಮದುವೆಗೆಂದು ಮಾಡಿಸಿದ್ದು. ಮೂತಿಯ ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಹೊಡೆಸಿದ್ದರು. ಆ ಮನೆಯ ಹೆಣ್ಣುಮಕ್ಕಳಿಗೆ ಧಾರೆ ಎರೆಯುವುದೆಲ್ಲ ಅದರಲ್ಲೇ. ಮಗಳು ಸರ್ವಮಂಗಳಾ ಮೇಷ್ಟ್ರನ್ನು ಮದುವೆಯಾದ ಮೇಲೆ ಅದು ಅವಳ ಜೊತೆ ಶಿರಾಕ್ಕೆ ಬಂದಿತ್ತು, ತಂಗಿಯ ಧಾರೆಗೆ ವಾಪಸು ಬರಬೇಕೆಂಬ ಕರಾರಿನ ಮೇಲೆ. ತಂಗಿಯ ಮದುವೆ ಈ ಬುಧವಾರವೇ, ಕೊರಟಗೆರೆಯಲ್ಲಿ. ಸರ್ವಮಂಗಳಾ ತಾಯಿಯನ್ನು ಕರೆದುಕೊಂಡು ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು, ಬಳೆ ಕೊಳ್ಳಲು ಮತ್ತು ಗಿಂಡಿ ಒಯ್ಯಲು.

ಅತ್ತೆಗೆ ಈ ಅಳಿಯನ ಕೈಯ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಮದುವೆಯ ದಿನ ಗಾಬರಿಯಲ್ಲಿ ಹೂವಿನ ಹಾರವನ್ನು ಹುಡುಗಿಯ ಕೊರಳಿಗೆ ಬದಲು ಪುರೋಹಿತರ ಕೊರಳಿಗೆ ಹಾಕಿದ ಮಹಾನುಭಾವರು ಇವರು. ಆ ಸಂಗತಿ ತೋವಿನಕೆರೆಯಲ್ಲಿ ಈಗಲೂ ಪ್ರತಿ ಮದುವೆಯಲ್ಲೂ ಪಾಯಸದ ಜೊತೆಗೆ ಬಡಿಸಲ್ಪಡುತ್ತದೆ. ಈ ಗಿಂಡಿಯನ್ನಾದರೂ ನೆಟ್ಟಗೆ ಒಪ್ಪಿಸಿ ಮರ್ಯಾದೆ ಉಳಿಸಿಕೊಳ್ಳಬೇಕೆಂದು ಮೇಷ್ಟ್ರಿಗೆ ಬಹಳ ಆಸೆಯಿತ್ತು.

ಬೆಸುಗೆ ಹಾಕಿಸಲು ಊರಿನಲ್ಲಿ ಕಲಾಯಿ ಅಹಮದ್ ಷರೀಫರಿದ್ದರು. ಆದರೆ ಅವರು ವರ್ಷಕ್ಕೊಮ್ಮೆ ತೋವಿನಕೆರೆಗೆ ಹೋಗಿ ಅತ್ತೆಯ ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ, ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಶಿರಾದ ಸುದ್ದಿಯನ್ನೆಲ್ಲ ಒಪ್ಪಿಸಿ ಬರುವ ಜನ. ಅವರ ಕೈಗೆ ಗಿಂಡಿ ಕೊಡುವುದೂ ಒಂದೇ, ತೋವಿನಕೆರೆಯಲ್ಲಿ ಟಾಂಟಾಂ ಹೊಡೆಸುವುದೂ ಒಂದೇ. ಅಲ್ಲದೆ ಶಂಕರಲಿಂಗಪ್ಪನವರು ಮಿಡ್ಲ್ ಸ್ಕೂಲಿನ ಕ್ರಾಫ್ಟ್ ಮೇಷ್ಟ್ರು. ತಕಲಿಯಲ್ಲಿ ನೂಲು ತೆಗೆಯುವುದನ್ನೂ ರಟ್ಟಿನ ಡಬ್ಬಿ ಅಂಟಿಸುವುದನ್ನೂ ಕಲಿಸುವವರಿಗೆ ಹಿತ್ತಾಳೆ ಯಾವ ಲೆಕ್ಕ? ಮೂತಿಯನ್ನು ಜೇಬಿಗೆ ಹಾಕಿಕೊಂಡು ಪೇಟೆಗೆ ಹೊರಟರು.

ಗುಲಾಮ್ ಮೊಹಿದ್ದೀನ್ ಸಾಹೇಬರ ಕಬ್ಬಿಣದ ಅಂಗಡಿಯಲ್ಲಿ ಬ್ಲೋ ಲ್ಯಾಂಪುಗಳಿದ್ದವು. ಪಂಪು ಹೊಡೆದು ಹಚ್ಚುವ ಸ್ಟವ್ವಿನ ಜಾತಿಯವೇ. ಸ್ಟವ್ವು ಮೇಲಕ್ಕೆ ಉರಿದರೆ ಇವು ಮುಂದಕ್ಕೆ ಬುಸುಗುಡುತ್ತವೆ, ಅಷ್ಟೇ ವ್ಯತ್ಯಾಸ. ಸಾಹೇಬರು ಎರಡನ್ನು ತೆಗೆದು ಹಲಗೆಯ ಮೇಲಿಟ್ಟರು. ಒಂದು ಪುಟ್ಟ ಚೊಂಬಿನಷ್ಟಿತ್ತು, ಇನ್ನೊಂದು ಬಿಂದಿಗೆಯ ತಮ್ಮನಂತಿತ್ತು.

"ಕೆಲಸ ಏನು ಮಾಷ್ಟ್ರೇ?" ಎಂದು ಕೇಳಿದರು ಸಾಹೇಬರು.

"ಸಣ್ಣದು. ಒಂದು ಮೂತಿ ಕೂರಿಸ್ಬೇಕು."

"ಹಂಗಾದ್ರೆ ಈ ಚಿಕ್ಕದು ತಗೊಳ್ಳಿ. ಉರಿ ಸಣ್ಣಗೆ ಬರ್ತದೆ, ಎಲ್ಲಿ ಹಿಡಿದ್ರೆ ಅಲ್ಲೇ ಕಾಯ್ತದೆ. ದೊಡ್ಡದು ಬಾಗ್ಲು ಕಿಟಕಿ ಬಣ್ಣ ಸುಡೋರಿಗೆ."

ಮೇಷ್ಟ್ರು ಚಿಕ್ಕದಕ್ಕೆ ಕೈ ಹಾಕಿದ್ದರು. ಅಷ್ಟರಲ್ಲಿ ಬೆನ್ನ ಮೇಲೊಂದು ಗುದ್ದು ಬಿತ್ತು. ತಿರುಗಿದರೆ ಅವರದೇ ಸ್ಕೂಲಿನ ಡ್ರಿಲ್ ಮೇಷ್ಟ್ರು ನಂದೀಶ್ವರಯ್ಯ. ಈ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

"ಏನ್ರೀ ಇದು, ಬೀಡಿ ಹಚ್ಕೊಳ್ಳೋಕಾ?" ಎಂದು ನಕ್ಕರು ನಂದೀಶ್ವರಯ್ಯ. "ಬೆಸುಗೆ ಅಂದ್ರೆ ಉರಿ ಭರ್ಜರಿಯಾಗಿರ್ಬೇಕು. ನಾನು ಕ್ಯಾಂಪಲ್ಲಿ ನೋಡಿದ್ದೀನಿ. ಆ ದೊಡ್ಡದು ತಗೊಳ್ರಿ, ಗಂಡಸು ಹಿಡಿಯೋ ಅಂಥದ್ದು!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರೆದುರು ಚಿಕ್ಕದನ್ನು ಹಿಡಿಯುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ದೊಡ್ಡದನ್ನೇ ಕೊಂಡರು. ಜೊತೆಗೆ ಒಂದು ಕಡ್ಡಿ ಬೆಸುಗೆ ಸೀಸ, ಬೆಸುಗೆ ಕಚ್ಚಲು ಒಂದು ಪೊಟ್ಟಣ ನವಸಾಗರ, ಒಂದು ಬಾಟ್ಲಿ ಸ್ಪಿರಿಟ್. ದಾರಿಯಲ್ಲಿ ನಂದೀಶ್ವರಯ್ಯನವರಿಗೆ ಮೊಳೆಯ ಕತೆಯನ್ನು ಹೇಳಲೇಬೇಕಾಯಿತು, ಇಲ್ಲದಿದ್ದರೆ ಅವರು ಬಿಡುವ ಪೈಕಿಯಲ್ಲ.

"ನಮ್ಮತ್ತೆ ಕಿವಿಗೆ ಮಾತ್ರ ಬೀಳಬಾರ್ದು. ಭಾಷೆ ಕೊಡಿ."

"ನನ್ನ ಕುತ್ತಿಗೆ ಕುಯ್ದರೂ ಬಾಯಿ ಬಿಡೋನಲ್ಲ!" ಎಂದು ನಂದೀಶ್ವರಯ್ಯ ಕೈ ಮೇಲೆ ಕೈ ಹಾಕಿ ಭಾಷೆ ಕೊಟ್ಟರು.

ಹಿತ್ತಲಿನಲ್ಲಿ ದೀಪಕ್ಕೆ ಸೀಮೆಎಣ್ಣೆ ತುಂಬಿ ಪಂಪು ಹೊಡೆದರು. ಅದರ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ, ದೀಪದ ಮೂತಿಯನ್ನು ಮೊದಲು ಕಾಯಿಸಬೇಕೆಂದು ಸಾಹೇಬರು ಹೇಳಿಕೊಟ್ಟಿದ್ದರು. "ಅವೆಲ್ಲ ಹೆಂಗಸರಿಗೆ ಹೇಳೋ ಮಾತು" ಎಂದು ನಂದೀಶ್ವರಯ್ಯ ಕಡ್ಡಿ ಗೀರಿಯೇಬಿಟ್ಟರು. ಕಾಯದ ದೀಪ ಬಿಸಿ ಹವೆಯ ಬದಲು ಹಸಿ ಎಣ್ಣೆಯನ್ನೇ ಉಗುಳಿತು. ಆ ಎಣ್ಣೆಗೆ ಬೆಂಕಿ ಹತ್ತಿ ಗೋಡೆಯೆತ್ತರ ಹಳದಿ ಉರಿ ಎದ್ದಿತು. ಮೇಷ್ಟ್ರ ಎಡಗಡೆಯ ಹುಬ್ಬು ಚುರ್ ಎಂದು ಮಾಯವಾಯಿತು.

"ಯಾ ಅಲ್ಲಾ! ಮಾಷ್ಟ್ರು ಮನೆ ಸುಡ್ತಾವ್ರೆ!" ಎಂದು ಪಕ್ಕದ ಗೋಡೆಯಾಚೆಯಿಂದ ರಹಮತ್ ಬಿ ಕೂಗಿದರು.

ಅವರ ಮನೆಗೆ ಹಾಲು ಹಾಕಲು ಬಂದಿದ್ದ ಕದರಪ್ಪ ಗೋಡೆ ಹಾರಿ ಬಂದವನೇ, ಹಿಂದೆ ಮುಂದೆ ನೋಡದೆ ಕಲಗಚ್ಚಿನ ಬಕೆಟ್ಟನ್ನೆತ್ತಿ ಸುರಿದ. ಬೆಂಕಿ ಆರಿತು. ನಂದೀಶ್ವರಯ್ಯನವರ ಬಿಳಿ ಷರ್ಟಿನ ಮೇಲೆ ಹಲಸಂದೆ ಸಿಪ್ಪೆ ಮೂಡಿದವು. ಸೆರಗು ಸರಿಪಡಿಸಿಕೊಳ್ಳುತ್ತ ರಹಮತ್ ಬಿಯೂ ಬಂದು ನಿಂತರು.

"ಬೆಳಿಗ್ಗೆ ಠಣ್ ಠಣ್ ಅಂತಿತ್ತು, ಈಗ ಬೆಂಕಿ. ಏನಾಯ್ತು ಮಾಷ್ಟ್ರೇ?"

ಮೇಷ್ಟ್ರು ಮತ್ತೊಮ್ಮೆ ಮೊಳೆಯ ಕತೆ ಹೇಳಿ, ಇಬ್ಬರಿಂದಲೂ ಭಾಷೆ ತೆಗೆದುಕೊಂಡರು. ರಹಮತ್ ಬಿ ತಮ್ಮ ಮೇಕೆಯ ಮೇಲೆ ಆಣೆ ಇಟ್ಟರು. ಕದರಪ್ಪ, "ನಾನ್ಯಾಕೆ ಹೇಳ್ಲಿ ಸೋಮಿ, ನಮ್ಮಪ್ಪನಾಣೆಗೂ ಹೇಳಕ್ಕಿಲ್ಲ" ಎಂದು ಹೆಗಲ ಟವೆಲ್ಲು ಮುಟ್ಟಿ ಹೇಳಿದ.

ಈ ಸಲ ಸ್ಪಿರಿಟ್ ಹಾಕಿ ಕಾಯಿಸಿದರು. ದೀಪ ನೀಲಿ ಉರಿ ಕಾರುತ್ತ ಆರ್ಭಟಿಸಿತು. ಮೇಷ್ಟ್ರು ಮೂತಿಯನ್ನು ಇಕ್ಕಳದಲ್ಲಿ ಹಿಡಿದು, ನವಸಾಗರ ಹಚ್ಚಿ, ಸೀಸ ಮುಟ್ಟಿಸಿದರು. ಸೀಸ ಕರಗಿ ಬೆಣ್ಣೆಯಂತೆ ಹರಿದು ಮೂತಿ ಕಚ್ಚಿಕೊಂಡಿತು. "ಭೇಷ್!" ಎಂದರು ನಂದೀಶ್ವರಯ್ಯ. ಅವರ ಬಾಯಿ ಮುಚ್ಚುವ ಮೊದಲೇ ಗಿಂಡಿಯ ತಳ ಬಿದ್ದುಹೋಯಿತು. ಅದೂ ಹಳೆಯ ಬೆಸುಗೆಯದೇ. ಆ ದೊಡ್ಡ ಉರಿಗೆ ಗಿಂಡಿಯೆಲ್ಲ ಕಾದು ಅದು ಸಡಿಲವಾಗಿತ್ತು. ತಳ ಕೂರಿಸಿದರು, ಮೂತಿ ಬಿತ್ತು. ಮೂತಿ ಕೂರಿಸಿದರು, ತಳ ಬಿತ್ತು.

"ಚಿಕ್ಕದು ತಗೊಂಡಿದ್ರೆ..." ಎಂದರು ಮೇಷ್ಟ್ರು.

"ಚಿಕ್ಕದಾಗಿದ್ರೆ ಇಷ್ಟೂ ಆಗ್ತಿರ್ಲಿಲ್ಲ" ಎಂದರು ನಂದೀಶ್ವರಯ್ಯ. ಅದಂತೂ ನಿಜ.

ಕೊನೆಗೆ ರಹಮತ್ ಬಿಗೆ ಒಂದು ಉಪಾಯ ಹೊಳೆಯಿತು. "ತಳಾನ ಹಸಿ ಕೆಸರಲ್ಲಿ ಹೂತಿಡಿ ಮಾಷ್ಟ್ರೇ, ತಣ್ಣಗಿರ್ತದೆ." ಕದರಪ್ಪ ಬಚ್ಚಲ ಮೋರಿಯಿಂದ ಕೆಸರು ತಂದ. ಗಿಂಡಿಯನ್ನು ಅರ್ಧ ಹೂತು, ಇದ್ದಬದ್ದ ಸೀಸವನ್ನೆಲ್ಲ ಮೂತಿಯ ಬುಡಕ್ಕೆ ಸುರಿದರು. ಮೂತಿ ನಿಂತಿತು, ತಳವೂ ನಿಂತಿತು. ಬುಡದಲ್ಲಿ ಮಾತ್ರ ಹಲಸಿನ ಬೀಜದಷ್ಟು ಸೀಸದ ಉಂಡೆ ಕೂತಿತು. ಅದನ್ನು ಅರದಲ್ಲಿ ಉಜ್ಜಿ ನಯ ಮಾಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರು. ನೀರು ತುಂಬಿ ನೋಡಿದರೆ ಒಂದು ಹನಿ ಸೋರಲಿಲ್ಲ! ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷದಲ್ಲಿ ರಟ್ಟಿನ ಡಬ್ಬಿಯಲ್ಲದೆ ಬೇರೊಂದು ವಸ್ತು ಅವರ ಕೈಯಲ್ಲಿ ನೆಟ್ಟಗಾಗಿದ್ದು ಇದೇ ಮೊದಲು.

ಬಸ್ಸು ಬಂತು, ಅತ್ತೆ ಬಂದರು. ಕಾಲು ತೊಳೆದವರೇ ಮೊದಲು ಕೇಳಿದ್ದು ಗಿಂಡಿಯನ್ನು. ಅದು ಚಿನ್ನದಂತೆ ಥಳಥಳಿಸುತ್ತಿತ್ತು. ಗಂಗಲಕ್ಷ್ಮಮ್ಮ ಕೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿದರು, ಮೂತಿಯ ಬುಡ ಸವರಿದರು, ಕಣ್ಣ ಹತ್ತಿರಕ್ಕೆ ಹಿಡಿದರು.

"ನನ್ ಹೆಸ್ರೆಲ್ಲಿ?"

ಹೆಸರು ಆ ಸೀಸದ ಉಂಡೆಯ ಕೆಳಗೆ ಹೋಗಿತ್ತು.

"ತೊಳೆದು ತೊಳೆದು ಸವೆದಿರ್ಬೇಕು ಅತ್ತೆ."

"ನಮ್ಮಪ್ಪ ಉಳಿಯಾಗೆ ಹೊಡೆಸಿದ್ದು ಸವೀತದಾ? ನಮ್ದು ಇಂಗೆ ಫಳಫಳ ಅಂತಿರ್ಲಿಲ್ಲ. ಮಂಗಳಾ, ಇದು ನಮ್ ಗಿಂಡಿ ಅಲ್ಲ ಕಣೆ. ನಿನ್ ಗಂಡ ಅದನ್ನ ಮಾರ್ಬುಟ್ಟು ಬ್ಯಾರೆ ತಂದಿಟ್ಟವ್ರೆ!"

ಸರ್ವಮಂಗಳಾ ಗಂಡನ ಮುಖ ನೋಡಿದಳು. "ರೀ, ಅಮ್ಮ ಹೇಳ್ತಿರೋದು ನಿಜಾನಾ?" ಎಂದಳು. ಮೇಷ್ಟ್ರಿಗೆ ಹುಬ್ಬು ಸುಟ್ಟಾಗಲೂ ಇಷ್ಟು ಉರಿದಿರಲಿಲ್ಲ. ಕೈ ಸಡಿಲ ಅನ್ನಿಸಿಕೊಂಡರೆ ತಡೆದುಕೊಳ್ಳಬಹುದು, ಕಳ್ಳ ಅನ್ನಿಸಿಕೊಂಡು ಬದುಕುವುದು ಹೇಗೆ?

"ಅಯ್ಯೋ, ಮೂತಿ ಕಿತ್ತುಹೋಗಿತ್ತು ಅತ್ತೆ! ನಾನೇ ರಿಪೇರಿ ಮಾಡಿದೆ. ಹೆಸರು ಬೆಸುಗೆ ಕೆಳಗಿದೆ!"

"ನೀವು? ರಿಪೇರಿ?" ಎಂದು ಅತ್ತೆ ಒಂದು ಥರ ನಕ್ಕರು. ಪುರೋಹಿತರ ಕೊರಳಿನ ಹಾರ ಆ ನಗೆಯಲ್ಲಿ ಸ್ಪಷ್ಟವಾಗಿ ತೂಗಾಡುತ್ತಿತ್ತು.

"ಬೇಕಾದ್ರೆ ಇವರನ್ನ ಕೇಳಿ!" ಎಂದು ಮೇಷ್ಟ್ರು ಹಿತ್ತಲಿಗೆ ಓಡಿ ಮೂವರನ್ನೂ ಕರೆದುತಂದರು.

ಅತ್ತೆ ಮೊದಲು ರಹಮತ್ ಬಿಯನ್ನು ಕೇಳಿದರು. ರಹಮತ್ ಬಿ ಮೇಕೆಯನ್ನು ನೆನೆದುಕೊಂಡರು. "ರಿಪೇರಿನಾ? ನಾನೇನೂ ನೋಡಿಲ್ಲಮ್ಮ" ಎಂದು ಹೇಳಿ, ಗೆದ್ದೆವೆಂಬಂತೆ ಮೇಷ್ಟ್ರತ್ತ ಕಣ್ಣು ಮಿಟುಕಿಸಿದರು.

"ನಾನು ಈಗ್ಲೇ ಬಂದೆ ಕಣಮ್ಮೋ. ಬೆಂಕಿಗಿಂಕಿ ಒಂದೂ ಕಾಣೆ" ಎಂದ ಕದರಪ್ಪ, ಮೊಣಕೈವರೆಗೂ ಕೆಸರು ಮೆತ್ತಿಕೊಂಡು.

ನಂದೀಶ್ವರಯ್ಯ ಅಷ್ಟಕ್ಕೇ ನಿಲ್ಲಲಿಲ್ಲ. "ಬೆಳಿಗ್ಗೆಯಿಂದ ಮೇಷ್ಟ್ರು ನನ್ನ ಜೊತೆ ಪೇಟೇಲಿದ್ರು ತಾಯಿ. ಅಂಗಡಿ ಸಾಮಾನು ತಗೊಂಡು ಬಂದ್ವಿ, ಅಷ್ಟೆ!"

"ನೋಡ್ದಾ, ಪ್ಯಾಟೆಗೋಗಿ ತಂದವ್ರಂತೆ!" ಎಂದು ಅತ್ತೆ ಮಗಳ ಕಡೆ ತಿರುಗಿದರು.

ಮೇಷ್ಟ್ರು ಮೂವರಿಗೂ ಕೈ ಮುಗಿದರು. "ದಮ್ಮಯ್ಯ, ನಿಜ ಹೇಳ್ರಪ್ಪ!"

"ಪರೀಕ್ಷೆ ಮಾಡ್ತಾವ್ರೆ" ಎಂದು ಕದರಪ್ಪ ಪಿಸುಗುಟ್ಟಿದ. ಮೂವರೂ ತುಟಿ ಬಿಗಿ ಹಿಡಿದರು.

"ಪರೀಕ್ಷೆ ಅಲ್ರೋ! ಹಿಂದಿನ ಭಾಷೆಯೆಲ್ಲ ವಾಪಸು. ಇನ್ನು ಮುಂದೆ ಅತ್ತೆ ಏನು ಕೇಳಿದ್ರೂ ನಿಜಾನೇ ಹೇಳ್ಬೇಕು, ನನ್ನಾಣೆ!" ಎಂದು ಮೇಷ್ಟ್ರು ಒಬ್ಬೊಬ್ಬರ ಕೈಯನ್ನೂ ಹಿಡಿದು ಹೊಸ ಭಾಷೆ ತೆಗೆದುಕೊಂಡರು. ಅಷ್ಟು ಹೊತ್ತಿಗೆ ಅತ್ತೆ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಸಾಕ್ಷಿ ಗೀಕ್ಷಿ ಬ್ಯಾಡ. ಹೆಸ್ರು ಅದರಡಿ ಐತೆ ಅಂತೀರಲ್ಲ, ಕರಗ್ಸಿ ತೋರ್ಸಿ."

ಮೇಷ್ಟ್ರು ಗಿಂಡಿಯನ್ನು ಎರಡು ಕೈಯಲ್ಲೂ ಹಿಡಿದು ಒಂದು ಕ್ಷಣ ನೋಡಿದರು. ಜೀವಮಾನದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಆಮೇಲೆ ನಿಟ್ಟುಸಿರುಬಿಟ್ಟು ದೀಪಕ್ಕೆ ಪಂಪು ಹೊಡೆದರು. ಬೆಳಗಿನಿಂದ ಸತಾಯಿಸಿದ್ದ ಆ ದೀಪ ಈಗ ಒಂದೇ ಕಡ್ಡಿಗೆ ಹತ್ತಿಕೊಂಡು, ಸಾಧು ಪ್ರಾಣಿಯ ಹಾಗೆ ನೀಲಿಯಾಗಿ ಉರಿಯಿತು. ಸೀಸ ಕರಗಿ ಹನಿಹನಿಯಾಗಿ ಇಳಿಯಿತು. ಮೇಷ್ಟ್ರು ಹಳೆ ಬಟ್ಟೆಯಿಂದ ಒರೆಸಿದರು. ಅಡಿಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರಗಳೆದ್ದವು. 'ತೋವಿನಕೆರೆ ಗಂಗಲಕ್ಷ್ಮಮ್ಮ.'

"ನಮ್ದೇ! ನಮ್ಮಪ್ಪನ ಗಿಂಡೀನೇ!" ಎಂದು ಅತ್ತೆ ಹಿಗ್ಗಿದರು. ಆ ಹಿಗ್ಗಿನ ನಡುವೆಯೇ ಮೂತಿ ಅವರ ಕಾಲ ಬಳಿ ಬಿತ್ತು, ಅದರ ಹಿಂದೆಯೇ ತಳವೂ ಬಿತ್ತು. ಆದರೂ ಅತ್ತೆ ಸಿಟ್ಟಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

"ತೆಪ್ಪಾಯ್ತು ಅಳಿಯಂದ್ರೆ. ಸುಮ್ನೆ ಕಳ್ಳತನ ಹೊರ್ಸ್ಬುಟ್ಟೆ. ಹೋಗ್ಲಿ ಬುಡಿ, ಷರೀಫ್ ಸಾಬ್ರನ್ನ ಕರೆಸಿದ್ರೆ ಆಯ್ತದೆ. ಹುಬ್ಬು ಸುಟ್ಕೊಂಡು ಒದ್ದಾಡೀರಿ, ಪಾಪ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅತ್ತೆ ತಮಗೆ 'ಪಾಪ' ಅಂದದ್ದು ಮದುವೆಯಾದ ಮೇಲೆ ಇದೇ ಮೊದಲು. ಸರ್ವಮಂಗಳಾ ಕೂಡ ನಕ್ಕಳು. ಪುರೋಹಿತರ ಹಾರದ ಕತೆ ಇವತ್ತಿಗೆ ಮುಗಿಯಿತು ಅನ್ನಿಸಿತು.

"ಅದಿರ್ಲಿ" ಎಂದು ಅತ್ತೆ ಮೂತಿಯನ್ನು ಎತ್ತಿಕೊಳ್ಳುತ್ತ ಸಹಜವಾಗಿ ಕೇಳಿದರು. "ಇಷ್ಟ್ ಗಟ್ಟಿಯಾಗಿದ್ದಿದ್ದು ಮೊದ್ಲು ಹೆಂಗೆ ಕಿತ್ಕೊಂತು?"

"ಅದು... ಬೆಕ್ಕು ಅತ್ತೆ, ಗೂಡಿನಿಂದ ಬೆಕ್ಕು..." ಎಂದು ಮೇಷ್ಟ್ರು ಶುರು ಮಾಡಿದರು.

ಹಿಂದೆ ನಿಂತಿದ್ದ ಮೂವರೂ ಮುಖ ಮುಖ ನೋಡಿಕೊಂಡರು. ಅತ್ತೆ ಕೇಳಿದ್ದಾರೆ, ಮೇಷ್ಟ್ರು ತಮ್ಮ ಮೇಲೇ ಆಣೆ ಇಟ್ಟಿದ್ದಾರೆ. ಹಿಂದಿನ ಸಲ ಅರ್ಥ ಮಾಡಿಕೊಳ್ಳದೆ ಅವರ ಮಾನ ಕಳೆದದ್ದು ಸಾಕು. ಮೂವರೂ ಒಂದೇ ಉಸಿರಿಗೆ, ಊರಿಗೆಲ್ಲ ಕೇಳಿಸುವ ಹಾಗೆ ಕೂಗಿದರು:

"ಬೆಕ್ಕಲ್ಲಮ್ಮ! ಮೇಷ್ಟ್ರು ಅದ್ರಾಗೇ ಗೋಡೆಗೆ ಮೊಳೆ ಹೊಡೆದ್ರು!"