ಟೈಲರನ ಹೊಟ್ಟೆಯ ಹೊಲಿಗೆ

"ನಗಬಾರ್ದು. ಕೆಮ್ಮು ಬಂದ್ರೂ ಹೊಟ್ಟೆಗೆ ದಿಂಬು ಒತ್ಕೊಂಡು ಕೆಮ್ಮಿ. ಸಂಜೆ ಬಂದು ಹೊಲಿಗೆ ನೋಡ್ತೀನಿ. ಗಟ್ಟಿಯಾಗಿದ್ರೆ ಮನೆಗೆ ಹೋಗಿ" ಎಂದು ಡಾಕ್ಟರಮ್ಮ ಬೆಳಿಗ್ಗೆಯೇ ಹೇಳಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರಿನಂಥ ಮುಖ ಅವರದು. ಆ ಮುಖದಲ್ಲಿ ನಗೆಯ ಸುಕ್ಕನ್ನು ಕಂಡವರಿಲ್ಲ.

ಊರವರ ಬಟ್ಟೆಗೆಲ್ಲ ಹೊಲಿಗೆ ಹಾಕಿದ ಟೈಲರ್, ಅಪೆಂಡಿಕ್ಸ್ ತೆಗೆಸಿಕೊಂಡು ತನ್ನ ಹೊಟ್ಟೆಗೇ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ. ಹೇಗಾದರೂ ಇಂದು ಮನೆ ಸೇರಲೇಬೇಕಿತ್ತು. ನಾಳೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ, ಒಂದೂ ಮಾತಿಲ್ಲ. ಎಲೆ ಎಲೆ ಕತ್ತರಿಸಿ ವೇಷ ಹೊಲಿದವನು ಅವನೇ. ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಮಾತು ಕೊಟ್ಟಿದ್ದ.

ಆದರೆ ವಾರ್ಡಿನ ಗೋಡೆಯ ಮೇಲೊಂದು ಟಿವಿ ಇತ್ತು. ಅದರ ದನಿ ಕೆಟ್ಟು ಯಾವ ಕಾಲವಾಯಿತೋ! ಹಾಗಾಗಿ ಅಲ್ಲಿ ನಡೆಯುತ್ತಿದ್ದುದು ಒಂದೇ ಕಾರ್ಯಕ್ರಮ, ಮಾತೇ ಇಲ್ಲದ ಒಂದು ಹಳೆಯ ಬ್ರಿಟಿಷ್ ಹಾಸ್ಯ ಸರಣಿ. ಹಲ್ಲಿಲ್ಲದ ಅಜ್ಜನಿಂದ ಹಿಡಿದು ನೆಲ ಒರೆಸುವ ಆಯಾತನಕ ಎಲ್ಲರೂ ಅದನ್ನು ನೂರು ಸಲ ನೋಡಿದ್ದರು, ನೂರು ಸಲವೂ ನಕ್ಕಿದ್ದರು.

ಟೈಲರ್ ಕಿವಿಗೆ ಹತ್ತಿ ತುರುಕಿಕೊಂಡ. ಮಾತೇ ಇಲ್ಲದ್ದಕ್ಕೆ ಹತ್ತಿ ಏನು ಮಾಡೀತು? ಕಿಟಕಿಯತ್ತ ಹೊರಳಿದ. ಗಾಜಿನಲ್ಲೂ ಅದೇ ಟಿವಿ. ಕೊನೆಗೆ ಮುಸುಕೆಳೆದುಕೊಂಡ. ಪಕ್ಕದಲ್ಲಿದ್ದ ಭಾವಮೈದ ಬಿಡಬೇಕಲ್ಲ!

"ಭಾವ, ಟಿವಿಯವ್ನು ಮಡಚೋ ಕುರ್ಚಿ ಬಿಡಿಸೋಕೆ ಹೋಗಿ ಟೈ ಸಿಕ್ಕಿಸ್ಕೊಂಡ! ಅಯ್ಯೋ, ಈಗ ಕುರ್ಚಿ ಹೊತ್ಕೊಂಡೇ ಬಸ್ ಹತ್ತಿದ!"

"ನಿಂಗೆ ಕೈ ಮುಗೀತೀನಿ, ಬಾಯ್ಮುಚ್ಕೋ ಮಾರಾಯ!"

"ಹೇಳದೇ ಇದ್ರೆ ನಿಮಗೆ ಬೇಜಾರಾಗಲ್ವಾ?"

ಬಾಯಿಗೆ ಟವೆಲ್ ತುರುಕಿಕೊಂಡು, ತಲೆಗೆ ಹೊದಿಕೆ ಸುತ್ತಿಕೊಂಡು, ಟೈಲರ್ ಎದ್ದು ಬಾಗಿಲ ಕಡೆ ನಡೆದ. ಆಸ್ಪತ್ರೆಯ ಗೌನಿನ ಬೆನ್ನ ದಾರ ಊಟದ ತಳ್ಳುಗಾಡಿಗೆ ಸಿಕ್ಕಿಕೊಂಡದ್ದು ಅವನಿಗೆ ಗೊತ್ತಾಗಲಿಲ್ಲ. ಅವನು ಒಂದು ಹೆಜ್ಜೆ ಇಟ್ಟರೆ ಗಾಡಿಯೂ ಬಂತು. ನಿಂತರೆ ಹಿಂದಿನಿಂದ ಢಿಕ್ಕಿ ಹೊಡೆಯಿತು. ಯಾರೋ ತಳ್ಳಿದರೆಂದು ಸಿಟ್ಟಿನಿಂದ ತಿರುಗಿದ, ಗಾಡಿಯೂ ಜೊತೆಗೇ ತಿರುಗಿತು. ತಟ್ಟೆಗಳು ದಡಬಡ ಉರುಳಿದವು. ಇಡೀ ವಾರ್ಡು ಟಿವಿ ಬಿಟ್ಟು ಇವನನ್ನೇ ನೋಡುತ್ತ ಬಿದ್ದು ಬಿದ್ದು ನಗತೊಡಗಿತು.

ಅದೇ ಹೊತ್ತಿಗೆ ಡಾಕ್ಟರಮ್ಮ ಸಂಜೆಯ ತಪಾಸಣೆಗೆ ಒಳಗೆ ಬಂದರು. ನೋಡಿದರು. ತುಟಿ ಬಿಗಿಹಿಡಿದರು. ಮರುಕ್ಷಣ ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಟ್ಟಿಗೇ ಹೊರಬಂದಂತೆ ಗಹಗಹಿಸಿ ನಕ್ಕರು. 'ಕಟ್' ಎಂದಿತು. ತೆರೆದ ಬಾಯಿ ತೆರೆದೇ ಉಳಿಯಿತು.

"ಅಯ್ಯಯ್ಯೋ, ಮೇಡಮ್ ದವಡೆ ಜಾರಿತು!" ನರ್ಸು ಕೂಗಿದಳು. ದವಡೆ ಕೂರಿಸುವ ಡಾಕ್ಟರನ್ನು ಕರೆಯಲು ಆಯಾ ಓಡಿದಳು.

ಡಾಕ್ಟರಮ್ಮ ಕರ್ತವ್ಯ ಬಿಡುವವರಲ್ಲ. ಬಾಯಿ ತೆರೆದುಕೊಂಡೇ ಟೈಲರನನ್ನು ಮಲಗಿಸಿ ಹೊಟ್ಟೆ ನೋಡಿದರು. ಹೊಲಿಗೆಗಳೆಲ್ಲ ಭದ್ರ! ಎರಡೂ ಕೈ ತಲೆಯ ಮೇಲೆ ಮನೆಯ ಮಾಡಿನಂತೆ ಜೋಡಿಸಿ, ಬಾಗಿಲ ಕಡೆ ಬೆರಳು ತೋರಿಸಿದರು.

"ಆಚೆ ಮಳೆ ಅಂತೆ" ಎಂದಳು ನರ್ಸು.

"ಅಲ್ಲ, ಭಾವ ಟೋಪಿ ಹಾಕ್ಕೋಬೇಕಂತೆ" ಎಂದ ಭಾವಮೈದ.

ಡಾಕ್ಟರಮ್ಮ ಕಣ್ಣರಳಿಸಿ, ಅಲ್ಲವೆಂದು ತಲೆಯಾಡಿಸಿ, ಗಾಳಿಯಲ್ಲೇ ಬೀಗ ತೆಗೆದು, ಚಪ್ಪಲಿ ಬಿಟ್ಟು, ಮಂಚದ ಸುತ್ತ ನಡೆದು ತೋರಿಸಿದರು.

ಮನೆಗೆ ಹೋಗು ಎಂದೇ ಹೇಳುತ್ತಿದ್ದಾರೆಂದು ಟೈಲರನಿಗೆ ಹೊಳೆಯಿತು. ಗೆದ್ದೆ! ಮೈಯೆಲ್ಲ ಹಗುರಾಯಿತು. ಬೆಳಗಿನಿಂದ ಕಟ್ಟಿದ್ದ ಉಸಿರನ್ನು ಬಿಟ್ಟು ಡಾಕ್ಟರಮ್ಮನ ಮುಖ ನೋಡಿದ. ಅವರು ಇನ್ನೂ ಬಾಯಿ ತೆರೆದುಕೊಂಡು, ಕಾಣದ ಮನೆಯ ಕಾಣದ ಕಿಟಕಿ ಮುಚ್ಚುತ್ತಿದ್ದರು.

ಟೈಲರ್ ನಕ್ಕುಬಿಟ್ಟ. ಹೊಟ್ಟೆ ಹುಣ್ಣಾಗುವಂತೆ ನಕ್ಕ. 'ಪಟ್' ಎಂದಿತು. ಹೊಲಿಗೆ ಬಿಚ್ಚುವ ಸದ್ದನ್ನು ಟೈಲರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದವಡೆ ಕೂತ ಮೇಲೆ ಡಾಕ್ಟರಮ್ಮ ಆಡಿದ ಮೊದಲ ಮಾತು, "ಇನ್ನೊಂದು ವಾರ ಇಲ್ಲೇ!"

ಟೈಲರ್ ಅಳುಕುತ್ತಲೇ ಮಗಳಿಗೆ ಫೋನ್ ಮಾಡಿದ. ಅವಳು ಅಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ.

"ಪರವಾಗಿಲ್ಲ ಬಿಡಪ್ಪ. ನಾಳೆ ನಾಟಕ ಮುಗಿಸ್ಕೊಂಡು ಮರದ ವೇಷದಲ್ಲೇ ಅಲ್ಲಿಗೆ ಬಂದು, ನಿಂಗೆ ಪೂರ್ತಿ ಮಾಡಿ ತೋರಿಸ್ತೀನಿ."

ಅಬ್ಬ, ಎಂದು ಟೈಲರ್ ನಿಟ್ಟುಸಿರುಬಿಟ್ಟ. ಎಲೆ ಅಲುಗಾಡಿಸುತ್ತ ವಾರ್ಡಿನ ಬಾಗಿಲಲ್ಲಿ ನುಗ್ಗುವ ಮರವೊಂದು ಆಗ ಅವನ ಕಣ್ಮುಂದೆ ಬಂತು. ಅದಕ್ಕೂ ಮಾತಿಲ್ಲ. ಅವನು ಮೆಲ್ಲಗೆ ಕೈಚಾಚಿ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡ.