ಮೂವತ್ತೇಳನೆಯವನು

ಮೂವತ್ತೇಳು ಎಂಬ ಸಂಖ್ಯೆ ಕಂಡರೆ ನಾಗಭೂಷಣನಿಗೆ ಈಗಲೂ ಮೈ ಉರಿಯುತ್ತದೆ. ಉರಿಯದೆ ಏನು ಮಾಡೀತು ಹೇಳಿ? ಚೇಳೂರಿನಿಂದ ವರ್ಷದ ನಡುವೆ ಬಂದು ಗುಬ್ಬಿಯ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಸೇರಿದಾಗ ಹಾಜರಿಯಲ್ಲಿ ಅವನದು ಮೂವತ್ತೇಳನೇ ನಂಬರು, ಕಟ್ಟಕಡೆಯದು.

ಗಣಿತದ ಶಿವರಾಮಯ್ಯ ಮೇಷ್ಟ್ರು ಅಪವರ್ತನವನ್ನು ಬೋರ್ಡಿನ ಮೇಲೆ ಕಲಿಸಿದವರಲ್ಲ. ಮಕ್ಕಳನ್ನೇ ಬಯಲಿಗೆ ಎಬ್ಬಿಸಿಕೊಂಡು ಹೋಗಿ, “ಮೂವತ್ತಾರು! ನಾಕು ಸಾಲು!” ಎನ್ನುವರು. ಸಾಲಿಗೆ ಒಂಬತ್ತು ಮಂದಿ. “ಮೂರು ಸಾಲು!” ಸಾಲಿಗೆ ಹನ್ನೆರಡು. ಸಾಲುಗಳು ಸಮನಾಗಿ ನಿಂತರೆ ನಾಲ್ಕೂ ಮೂರೂ ಮೂವತ್ತಾರರ ಅಪವರ್ತನಗಳು. ಮೂವತ್ತೇಳು ಮಾತ್ರ ಹಾಗೆ ಬಗ್ಗುವ ಸಂಖ್ಯೆಯಲ್ಲ. ಒಬ್ಬನನ್ನು ಆಚೆ ನಿಲ್ಲಿಸಲೇಬೇಕು. ಯಾರನ್ನು? ಕೊನೆಗೆ ಬಂದವನನ್ನು! ಹೊಂಗೆ ಮರದ ಕೆಳಗೆ ಮೇಷ್ಟ್ರ ಪಕ್ಕ ನಿಂತು, ಉಳಿದವರು ನೂಕಾಡಿಕೊಂಡು ನಗುವುದನ್ನು ಅವನು ವರ್ಷದ ಕೊನೆಯವರೆಗೂ ನೋಡಿದ. ಹುಡುಗರು ‘ಶೇಷ’ ಎಂದು ಹೆಸರಿಟ್ಟರು. ಆ ವಯಸ್ಸಿನಲ್ಲಿ ಅದು ಎಷ್ಟು ಚುಚ್ಚುತ್ತದೆಂದು ಚುಚ್ಚಿಸಿಕೊಂಡವರಿಗೇ ಗೊತ್ತು.

ಮೂವತ್ತೈದು ವರ್ಷದ ಮೇಲೆ ಅದೇ ಬ್ಯಾಚು ಮೇಷ್ಟ್ರಿಗೆ ಗುರುವಂದನೆ ಇಟ್ಟುಕೊಂಡಿತು. ಕುಣಿಗಲ್ಲಿನ ಕಿರಣ್‌ಕುಮಾರ್ ಗ್ರೂಪಿನಲ್ಲಿ ‘ಬರಕ್ಕಾಗಲ್ಲ’ ಎಂದು ಹಾಕಿದ ದಿನ ನಾಗಭೂಷಣ್ ತುಮಕೂರಿನ ಸದಾಶಿವನಗರದ ಮನೆಯಲ್ಲಿ ಕುಣಿಯುವುದೊಂದು ಬಾಕಿ. ಉಳಿದವರೆಲ್ಲ ಬರುವವರೇ, ಒಬ್ಬ ಕಡಿಮೆಯಾದರೆ ಸರಿಯಾಗಿ ಮೂವತ್ತಾರು! ಮೇಷ್ಟ್ರೆದುರು ಒಂದೇ ಒಂದು ಸಲ ತಾನೂ ಸಾಲಿನಲ್ಲಿ ನಿಲ್ಲಬೇಕು, ಅವನಿಗೆ ಬೇಕಿದ್ದುದು ಅಷ್ಟೆ.

ಭಾನುವಾರ ಶಾಲೆಯ ಬಯಲಿನಲ್ಲಿ, ಅದೇ ಹೊಂಗೆ ಮರದ ಕೆಳಗೆ ಮೇಷ್ಟ್ರಿಗೆ ಶಾಲು ಹೊದಿಸಿದರು. ಅವರಿಗೀಗ ಕಣ್ಣು ಮಂಜು. ಕಾಲಿಗೆ ಬಿದ್ದವರ ಗುರುತು ಹತ್ತದೆ ಎಲ್ಲರಿಗೂ “ಚೆನ್ನಾಗಿರಪ್ಪ, ಚೆನ್ನಾಗಿರಮ್ಮ” ಎಂದರು. ಆದರೆ ಎದ್ದು ನಿಂತದ್ದೇ ತಡ, ಹಳೇ ಗಂಟಲು ಬಂತು.

“ಏಳ್ರೋ! ಮೂವತ್ತಾರು, ಆರು ಸಾಲು!”

ಮಂಡಿನೋವಿನವರೂ ಓಡಿದರು, ಸೀರೆ ಎತ್ತಿ ಹಿಡಿದು ವನಜಾಕ್ಷಿಯೂ ಓಡಿದಳು. ನಾಗಭೂಷಣ್ ಆರನೇ ಸಾಲಿನಲ್ಲಿ ನೆಟ್ಟಗೆ ನಿಂತು ಉಸಿರು ಬಿಡಬೇಕು, ಅಷ್ಟರಲ್ಲಿ ಆಟೋದಿಂದ ಒಬ್ಬ ಧುಮುಕಿದ.

“ಬಂದೇಬಿಟ್ಟೆ ಕಣ್ರೋ!” ಕಿರಣ್‌ಕುಮಾರ್!

ಎಲ್ಲರ ಕತ್ತೂ ಒಟ್ಟಿಗೆ ನಾಗಭೂಷಣನ ಕಡೆ ತಿರುಗಿತು. ಕಾರ್ಯಕ್ರಮದ ಯಜಮಾನಿಕೆ ಹೊತ್ತಿದ್ದ ಗುರುಪ್ರಕಾಶ್, “ಲೋ ಶೇಷ, ಆಚೆ ಬಾರ್ಲಾ. ನಿಂಗೆ ಹೆಂಗೂ ಅಭ್ಯಾಸ” ಎಂದ.

“ಬರಲ್ಲ ಹೋಗ್ಲಾ!”

“ಬಿಸ್ಲು ಕಣೋ ನಾಗ, ಹಟ ಮಾಡ್ಬೇಡ” ಎಂದಳು ವನಜಾಕ್ಷಿ.

ಆರನೇ ಸಾಲಿನಿಂದ ತಳ್ಳಿದರೆ ನಾಲ್ಕನೆಯದಕ್ಕೆ ನುಗ್ಗಿದ, ಅಲ್ಲಿಂದ ಎಳೆದರೆ ಎರಡನೆಯದಕ್ಕೆ. ಚಪ್ಪಲಿಯ ಉಂಗುಷ್ಠ ಕಿತ್ತಿತು, ಇಸ್ತ್ರಿ ಶರ್ಟಿನ ಗುಂಡಿ ಹಾರಿತು. ಕೊನೆಗೆ ತಲೆ ಓಡಿತು.

“ಕಿರಣ, ನಿನ್ ಫೋನ್ ಕ್ಯಾಮೆರಾ ಭಾರಿ ಅಂತಾರೆ ಕಣೋ. ಮೇಷ್ಟ್ರ ಪಕ್ಕ ನಿಂತು ವಿಡಿಯೊ ಮಾಡು, ಎಲ್ಲಾ ನಿನ್ ಹೆಸರು ಹೇಳ್ತಾರೆ.”

ಕಿರಣ್‌ಕುಮಾರ್ ಉಬ್ಬಿಹೋಗಿ ಮರದ ಕೆಳಗೆ ಹೋದ. ನಾಗಭೂಷಣ್ ಮತ್ತೆ ಆರನೇ ಸಾಲು ಸೇರಿದ. ಆರು ಸಾಲು, ಸಾಲಿಗೆ ಆರು. ಅವನ ಕಣ್ಣು ತುಂಬಿ ಬಂತು. ಕೊನೆಗೂ!

ಮೇಷ್ಟ್ರು ಸಾಲುಗಳನ್ನು ನೋಡಿ ತಲೆದೂಗಿದರು. ಆಮೇಲೆ ಪಕ್ಕಕ್ಕೆ ಕೈ ಚಾಚಿ ಕಿರಣ್‌ಕುಮಾರನ ಭುಜ ಸವರಿದರು.

“ಬಂದ್ಯೇನೋ ಮಗಾ? ಹೆಸರು ಮರ್ತೋಗಿದೆ, ನಿನ್ನ ಮಾತ್ರ ಮರ್ತಿಲ್ಲ. ಹೊಸ ಹುಡುಗ, ಯಾರೂ ಜೊತೆಗೆ ಸೇರಿಸ್ಕೊಳ್ತಿರ್ಲಿಲ್ಲ. ಅದಕ್ಕೇ ದಿನಾ ನನ್ನ ಪಕ್ಕ ನಿಲ್ಲಿಸ್ಕೊತಿದ್ದೆ. ಇವತ್ತು ನಿನ್ನ ನೋಡೋಕೇ ಬಂದೆ ಕಣೋ.”

ಹೀಗೆಂದು ಹೆಗಲ ಮೇಲಿದ್ದ ಶಾಲು ತೆಗೆದು ಅವನಿಗೆ ಹೊದಿಸಿದರು. ಕಿರಣ್‌ಕುಮಾರ್ ಒಂದು ಗಳಿಗೆ ತಬ್ಬಿಬ್ಬಾದ. ಮೆತ್ತನೆಯ ಶಾಲು ಮುಟ್ಟಿ ನೋಡಿ, “ಹೂಂ ಸಾರ್” ಎಂದುಬಿಟ್ಟ.

“ಸಾರ್! ಅದು ನಾನು ಸಾರ್!” ನಾಗಭೂಷಣ್ ಕೂಗಿಕೊಂಡ.

ಮೇಷ್ಟ್ರು ಸರ್ರನೆ ತಿರುಗಿದರು. “ಯಾರೋ ಅದು ಆರನೇ ಸಾಲಲ್ಲಿ? ಸಾಲಿಗೆ ಸೇರ್ದೋರು ಬಾಯ್ಮುಚ್ಕೊಂಡು ನಿಂತ್ಕೋಬೇಕು!”