ಎಂಟನೆಯ ಪೋರ್ಟು

ಕಡಿಮೆ ಮಾತನಾಡುವವರು ಜಾಣರಿರಬೇಕು ಎಂಬ ತಪ್ಪು ತಿಳಿವಳಿಕೆ ಲೋಕದಲ್ಲಿ ಮೊದಲಿನಿಂದಲೂ ಇದೆ. ಹುಕ್ಕೇರಿಯ ನಮ್ಮ ಓಣಿಯಿಂದ ಧಾರವಾಡದ ಹಾಸ್ಟೆಲ್ಲಿನವರೆಗೆ ಇದರಿಂದ ನನಗೆ ಲಾಭವೇ ಆಗಿದ್ದರಿಂದ ನಾನು ಅದನ್ನು ತಿದ್ದಲು ಹೋಗಿರಲಿಲ್ಲ. ಓದು ಮುಗಿಸಿ ಗೋಕಾಕದ ಆಚೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಕೆಲಸಕ್ಕೆ ಸೇರಿದಾಗ ಮ್ಯಾನೇಜರ್ ಚೌಗಲಾ ಸಾಹೇಬರೂ ಅದೇ ತಪ್ಪು ಮಾಡಿದರು. "ಮೇಡಂ ಸುಮ್ಮನಿದ್ದಾರ ಅಂದ್ರ ಲೆಕ್ಕ ಬರೋಬ್ಬರಿ ಐತಿ ಅಂತ ತಿಳೀರಿ" ಎಂದು ಎಲ್ಲರಿಗೂ ಹೇಳಿಬಿಟ್ಟರು.

ಆಗ ನಮ್ಮಲ್ಲಿ ಬಂದ ಯುನಿಕ್ಸ್ ಕಂಪ್ಯೂಟರು ಒಂದೇ. ಧೂಳು ತಾಗಬಾರದೆಂದು ಅದನ್ನು ಬಾಣಂತಿಯಂತೆ ಬಾಗಿಲು ಮುಚ್ಚಿ ಏಸಿ ಕೋಣೆಯಲ್ಲಿ ಇಟ್ಟಿದ್ದರು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕಿತ್ತು. ಗುಮಾಸ್ತರ ಮುಂದೆ ಇರುವುದು ಬರೀ ಒಂದು ಪರದೆ, ಒಂದು ಕೀಲಿಮಣೆ. ಕಂಪ್ಯೂಟರಿನ ಬೆನ್ನಿಗೆ ಒಂದು ಬೋರ್ಡು ಕೂರಿಸಿ, ಅದರ ಒಂದೊಂದು ಪೋರ್ಟಿನಿಂದ, ಅಂದರೆ ತಂತಿ ಸಿಕ್ಕಿಸುವ ಕಿಂಡಿಯಿಂದ, ಒಬ್ಬೊಬ್ಬರ ಮೇಜಿಗೆ ತಂತಿ ಎಳೆಯಬೇಕು. ಎಂಟು ಪೋರ್ಟಿನ ಬೋರ್ಡೋ ಹದಿನಾರರದೋ, ಆರಿಸುವ ಕೆಲಸ ನನ್ನದು.

"ಹದಿನಾರರದ ತಗೋರಿ ಮೇಡಂ, ಮುಂದ ಬೇಕಾಗತೈತಿ" ಎಂದ ಕೊಲ್ಲಾಪುರದ ವ್ಯಾಪಾರಿ. ವ್ಯಾಪಾರಿಯ ಮಾತು ಎಂಬ ಒಂದೇ ಕಾರಣಕ್ಕೆ ನಾನದನ್ನು ನಂಬಲಿಲ್ಲ. ಕಬ್ಬಿನ ವಿಭಾಗದಲ್ಲಿ ಏಳು ಗುಮಾಸ್ತರು, ಪರೀಕ್ಷೆ ಮಾಡಿ ನೋಡಲು ನನಗೊಂದು. ಎಂಟು. ಲೆಕ್ಕ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಸಂಜೆ ಬಸ್ಸಿನಲ್ಲಿ ಅದನ್ನೇ ನೆನೆದು ಸಂತೋಷಪಟ್ಟೆ.

ಬೋರ್ಡು ಕೂತ ದಿನ ಗೊತ್ತಾಯಿತು: ದೂರದ ಹಜಾರದಲ್ಲಿದ್ದ ಪ್ರಿಂಟರಿಗೂ ಒಂದು ಪೋರ್ಟು ಬೇಕು. ಇನ್ನೊಂದು ಬೋರ್ಡಿಗೆ ಯಂತ್ರದಲ್ಲಿ ಜಾಗವಿಲ್ಲ. ಬದಲಾಯಿಸೋಣವೆಂದರೆ ಕಬ್ಬು ನುರಿಸುವ ಸೀಜನ್ ಶುರುವಾಗಿತ್ತು.

ಯಾರಾದರೊಬ್ಬರು ಪರದೆ ಬಿಡಲೇಬೇಕಾಯಿತು. ಎಲ್ಲರ ಕಣ್ಣು ಏಳು ಗುಮಾಸ್ತರಲ್ಲಿ ಹಿರಿಯರಾದ ಮುಲ್ಲಾ ಕಾಕಾ ಅವರ ಮೇಲೆ ಬಿತ್ತು. ಅವರು ಯಾರ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿಯ ಚೀಟಿ ಬರೆಯುತ್ತಲೇ ತಲೆ ನರೆದವರು. ತುಕ್ಕಾನಟ್ಟಿ ಹಳ್ಳಿಯ ನಾಲ್ವರು ಬಸಪ್ಪಂದಿರಲ್ಲಿ ಯಾರ ಕಬ್ಬು ಒಣಗುತ್ತಿದೆ, ಯಾರದು ಇನ್ನೂ ಎಂಟು ದಿನ ತಡೆದೀತು ಎಂಬುದು ಅವರ ಬಾಯಲ್ಲೇ ಇತ್ತು. ಕೀಲಿಮಣೆಯ ಮೇಲೆ ಮಾತ್ರ ಒಂದೇ ಬೆರಳು ಓಡುತ್ತಿತ್ತು. ಸಾಲದ್ದಕ್ಕೆ ದಮ್ಮಿನ ಕಾಯಿಲೆ.

"ಕಾಕಾ ಯಾರ್ಡಿಗೆ ಹೋಗ್ಲಿ, ಗಾಡಿ ಪಾಳಿ ಹಚ್ಚಲಿ" ಎಂದ ಸಾಹೇಬರು ನನ್ನತ್ತ ನೋಡಿದರು. ಕಬ್ಬಿನ ಗಾಡಿಗಳು ಸಾಲುಗಟ್ಟುವ ಯಾರ್ಡಿನಲ್ಲಿ ದಿನವಿಡೀ ಧೂಳು, ಗಾಳಿಗೆ ಹಾರುವ ಕಬ್ಬಿನ ಸಿಪ್ಪೆಯ ಪುಡಿ. ನನ್ನ ಪರೀಕ್ಷೆಗೆ ಏಸಿ ಕೋಣೆಯಲ್ಲಿ ಕಂಪ್ಯೂಟರಿಗೇ ಜೋಡಿಸಿದ್ದ ಪರದೆಯೇ ಸಾಕಾಗುತ್ತಿತ್ತು. ನನ್ನದನ್ನು ಅವರಿಗೆ ಕೊಡಿ ಎನ್ನಲು ಮೂರೇ ಶಬ್ದ ಬೇಕಿತ್ತು. ಆದರೆ ಹಾಗೆಂದರೆ ಲೆಕ್ಕ ತಪ್ಪಿದೆ ಎಂದು ಒಪ್ಪಿದಂತೆ. ನಾನು ಸುಮ್ಮನಿದ್ದೆ. ಲೆಕ್ಕ ಬರೋಬ್ಬರಿ ಎಂದಾಯಿತು.

"ಆಡಿಗೆ ಮೊಲಿ ಎರಡ, ಮರಿ ಮೂರು" ಎಂದರು ಕಾಕಾ ನನ್ನತ್ತ ತಿರುಗಿ, ತಮ್ಮ ಕೊಡೆ ಎತ್ತಿಕೊಳ್ಳುತ್ತ. "ಮೂರನೇದು ಒದರೂದು ಚೊಲೋ ಕಲೀತೈತಿ, ಬಾಯಾರ."

ಆದರೆ ಕೂಗಿ ಒದರಿದವರು ನಾವೇ. ಪರದೆಯ ಮೇಲೆ ನಾಲ್ವರು ಬಸಪ್ಪಂದಿರು ಬಂದಾಗಲೆಲ್ಲ ಗುಮಾಸ್ತರು ಕಿಟಕಿ ತೆರೆದು ಕೂಗುತ್ತಿದ್ದರು: "ಕಾಕಾ, ಬಸಪ್ಪ ಯಾವಾಂವ್ರಿ?" ಕಾಕಾ ಕೆಮ್ಮುತ್ತ ಬರುತ್ತಿದ್ದರು. "ಬಾವಿ ಬಾಜೂದಾಂವ. ಕೆಂದ ಎತ್ತಿನಾಂವ ಅಲ್ಲ. ನಿಮ್ಮ ಪೆಟಗಿಗೆ ಎತ್ತಿನ ಬಣ್ಣ ಕಲಿಸಿಲ್ಲೇನ?"

ಒಮ್ಮೆ ಹಾಗೆ ಬಂದ ಕಾಕಾ ಅವರ ಕಣ್ಣಿಗೆ ನನ್ನ ಮೇಜಿನ ಪರದೆ ಬಿತ್ತು. ಅದಕ್ಕೆ ಅವ್ವ ಹೊಲಿದುಕೊಟ್ಟ ಹೂವಿನ ಗವಸು ಹಾಕಿತ್ತು.

"ಅಲ್ಲಿ ಯಾರ ಕುಂಡ್ರತಾರ್ರಿ, ಬಾಯಾರ?"

"ಅದು ಟೆಸ್ಟಿಂಗಿಗೆ ಐತ್ರಿ, ಕಾಕಾ."

"ಪಾಸಾತೇನ್ರಿ?" ಎಂದು ನಕ್ಕರು. ನಗು ಕೆಮ್ಮಾಯಿತು, ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತರು. ಸೋಮವಾರ ಸಾಹೇಬರಿಗೆ ಹೇಳಿಬಿಡಬೇಕೆಂದು ನಾನು ನಿಶ್ಚಯಿಸಿದೆ. ಆ ಸೋಮವಾರ ಮೂರು ಸಲ ಬಂದು ಹೋಯಿತು.

ಸಂಕ್ರಮಣದ ನಂತರ ಕಾಕಾ ರಜೆ ಹಾಕಿದರು. ಹದಿನೈದು ದಿನಕ್ಕೆ ಅವರನ್ನು ಮಣ್ಣು ಮಾಡಲು ಹೋಗಿ ಬಂದೆವು. ಮರುದಿನ ಯಾರೋ ರೂಢಿಯಂತೆ ಕಿಟಕಿ ತೆರೆದು "ಕಾಕಾ" ಎಂದರು. ಆಮೇಲೆ ಮೆಲ್ಲಗೆ ಮುಚ್ಚಿದರು.

ಬೇಸಿಗೆಯಲ್ಲಿ ಕಾರ್ಖಾನೆ ನಿಂತಾಗ ಹದಿನಾರು ಪೋರ್ಟಿನ ಬೋರ್ಡು ತರಿಸಿದೆ. ಗುಮಾಸ್ತರು ಈಗ ಆರು. ಪ್ರಿಂಟರು, ನಾನು ಸೇರಿ ಎಂಟು. ಉಳಿದ ಎಂಟು ಖಾಲಿ. ಆ ಖಾಲಿ ಸಾಲನ್ನು ಸಾಹೇಬರು ಬಂದವರಿಗೆಲ್ಲ ಅಭಿಮಾನದಿಂದ ತೋರಿಸುತ್ತಾರೆ. "ನಮ್ಮ ಮೇಡಮ್ಮರದು ಮಾತ ಕಡಿಮಿ. ಆದ್ರ ಮುಂದ ಬೇಕಾಗೂದ ನೋಡಿ ತಗೋತಾರ."

ನಾನು ಪಕ್ಕದಲ್ಲಿ, ಚಪ್ಪಲಿ ಬಿಟ್ಟು ನಿಂತಿರುತ್ತೇನೆ. ಅವರ ಮಾತನ್ನು ಇನ್ನೂ ತಿದ್ದಿಲ್ಲ.